ದೋಷವೇ ಇಲ್ಲದ ರೇಡಿಯೊ

ನಮ್ಮ ಮನೆಯಲ್ಲಿ ಈಗ ಹನ್ನೆರಡು ಕಂಪ್ಯೂಟರುಗಳಿವೆಯಂತೆ. ಕಣ್ಣಿಗೆ ಕಾಣುವುದು ಒಂದೇ. ಉಳಿದ ಹನ್ನೊಂದು ಎಲ್ಲಿ ಎಂದು ನನ್ನ ತಂಗಿಯ ಮಗಳು ರಶ್ಮಿಯನ್ನು ಕೇಳಿದರೆ, “ಇದರೊಳಗೇ ಇದಾವೆ ದೊಡ್ಡಮ್ಮ. ಒಂದೇ ಮಷೀನು ಹನ್ನೆರಡು ಮಷೀನಿನ ಹಾಗೆ ನಟಿಸತ್ತೆ” ಎನ್ನುತ್ತಾಳೆ. ಅಷ್ಟೂ ನಟರನ್ನು ಬೀಳದಂತೆ ನೋಡಿಕೊಳ್ಳುವುದೇ ಅವಳ ಉದ್ಯೋಗ. ಸಾಗರದ ಈ ನನ್ನ ಮನೆಯ ಊಟದ ಮೇಜಿನ ಮುಂದೆ ಕೂತು ಯಾವುದೋ ಊರಿನ ಯಾವುದೋ ಕಂಪನಿಗೆ ಅದನ್ನು ಮಾಡುತ್ತಾಳೆ. ನಮ್ಮ ಕಾಲದಲ್ಲಿ ಒಂದು ರೇಡಿಯೊ ಒಂದೇ ರೇಡಿಯೊ ಆಗಿರಲಿಕ್ಕೇ ಒದ್ದಾಡುತ್ತಿತ್ತು ಎಂದು ನಾನು ಹೇಳಿದರೆ ಅವಳು ನಗುತ್ತಾಳೆ.

ಇಂಥ ಯಂತ್ರಗಳನ್ನು ಸಾಕುವವರದೇ ಒಂದು ಕೂಟ ಇಂಟರ್ನೆಟ್ಟಿನಲ್ಲಿದೆ. ಯಾರದಾದರೂ ಯಂತ್ರ ಮುಷ್ಕರ ಹೂಡಿದರೆ ಅಲ್ಲಿ ಬರೆಯುತ್ತಾರೆ, ಇನ್ನೆಲ್ಲಿಯದೋ ಮನುಷ್ಯ ಉತ್ತರ ಕೊಡುತ್ತಾನೆ. ಎಲ್ಲಿ ಕೆಲಸ ಖಾಲಿ ಇದೆ ಎಂದು ಹೇಳಲಿಕ್ಕೂ ಅಲ್ಲೊಂದು ಮೂಲೆಯಿದೆ. ಮುಖ ನೋಡಿದವರಿಲ್ಲ, ಹೆಸರೂ ಅರ್ಧಂಬರ್ಧ. ಮೊನ್ನೆ ಬೆಳಿಗ್ಗೆ ರಶ್ಮಿಯ ಹನ್ನೆರಡರಲ್ಲಿ ಒಂದು ಏಳಲೇ ಇಲ್ಲ. ಕೂಟದಲ್ಲಿ ಬರೆದಳು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ, “ಇಪ್ಪತ್ತು ನಿಮಿಷ ಆಯ್ತು, ಒಬ್ರೂ ತಿರುಗಿ ನೋಡಿಲ್ಲ” ಎಂದು ಮುಖ ಊದಿಸಿಕೊಂಡಳು. ಅಷ್ಟರಲ್ಲೇ ಉತ್ತರ ಬಂತು. ಓದಿ ಕಿಸಕ್ಕನೆ ನಕ್ಕಳು. “ನನ್ನನ್ನ ಬ್ರದರ್ ಅಂದಿದಾನೆ ದೊಡ್ಡಮ್ಮ.”

“ಹುಡುಗಿ ಅಂತ ಹೇಳೋದಲ್ವನೇ?”

“ಯಾಕೆ ಹೇಳ್ಬೇಕು? ಮೊದ್ಲು ಮಷೀನ್ ಏಳ್ಲಿ.”

ನಾನು ಕಾಫಿ ಲೋಟ ಕೆಳಗಿಟ್ಟೆ. ಸುಮಾರು ನಲವತ್ತು ವರ್ಷಗಳ ಹಿಂದೆ ಮೂರು ವರ್ಷ ಕಾಲ ನಾನೂ ಒಬ್ಬ ‘ತಮ್ಮ’ ಆಗಿದ್ದೆ. ಅದನ್ನು ಯಾರಿಗೂ ಸರಿಯಾಗಿ ಹೇಳಿಯೇ ಇಲ್ಲವಲ್ಲ ಎಂದು ಆಗ ನೆನಪಾಯಿತು. ಹೇಳಬಾರದು ಎಂದೇನಿರಲಿಲ್ಲ. ಆದರೆ ರೇಡಿಯೊ ಎಂದರೇನು ಎಂಬಲ್ಲಿಂದ ಶುರು ಮಾಡಬೇಕಲ್ಲ ಎಂಬ ಸೋಮಾರಿತನ. ನಿಮಗಾದರೆ ಅಷ್ಟು ವಿವರಿಸಬೇಕಾಗಿಲ್ಲ.

ಹೊಸನಗರದಲ್ಲಿ ನನ್ನ ಅಪ್ಪಯ್ಯನಿಗೆ ಒಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಅಂಗಡಿ ಎನ್ನುವುದು ಮರ್ಯಾದೆಗೆ. ಟೈಲರ್ ಅಂಗಡಿಯೊಂದನ್ನು ಹಲಗೆ ಹೊಡೆದು ಎರಡು ಮಾಡಿ, ಕಿರಿದಾದ ಪಾಲನ್ನು ನಮಗೆ ಕೊಟ್ಟಿದ್ದರು. ಆ ಕಿರಿದನ್ನು ಅಪ್ಪಯ್ಯ ಒಂದು ಹಳೆಯ ಸೀರೆಯ ಪರದೆಯಿಂದ ಮತ್ತೆ ಎರಡು ಮಾಡಿದ್ದರು. ಮುಂದೆ ಅವರ ಕುರ್ಚಿ. ಪರದೆಯ ಹಿಂದೆ ಬೆಂಚು, ಸೋಲ್ಡರ್ ಕಬ್ಬಿಣ, ಮೀಟರು, ವಾಲ್ವುಗಳ ಡಬ್ಬ, ಮತ್ತು ನಾನು.

ಅಪ್ಪಯ್ಯನ ಕಣ್ಣು ಸಕ್ಕರೆ ಕಾಯಿಲೆಯಿಂದ ಮಂಜಾಗುತ್ತ ಬಂದಿತ್ತು. ಎದುರಿಗೆ ಬಂದವರು ಗೌಡರೋ ಪೋಸ್ಟಿನವರೋ ಎಂದು ದನಿಯಿಂದಲೇ ಗುರುತಿಸುತ್ತಿದ್ದರು. ಆದರೆ ಕಿವಿ ಮಾತ್ರ ಅಸಾಧ್ಯ. ಸೆಟ್ಟಿನ ಬೆನ್ನಿಗೆ ಕಿವಿಯಿಟ್ಟು, “ಇದಕ್ಕೆ ಉಸಿರು ಕಟ್ಟಿದೆ, ಕಂಡೆನ್ಸರ್ ನೋಡು” ಎಂದರೆ ಅಲ್ಲಿಗೆ ಮುಗಿಯಿತು. ಅವರು ಕೇಳುವುದು, ನಾನು ಬಿಚ್ಚುವುದು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ನನಗೆ ಅವರು ಮೊದಲು ಕಲಿಸಿದ್ದು ಡಯಲ್ಲಿನ ದಾರ ಕಟ್ಟುವುದನ್ನು. ಜಡೆ ಹೆಣೆಯಲು ಬಂದವಳಿಗೆ ಅದೇನು ಮಹಾ! ಎರಡು ವರ್ಷದಲ್ಲಿ ಐದು ವಾಲ್ವಿನ ಸೆಟ್ಟನ್ನು ಪೂರಾ ಬಿಚ್ಚಿ ಮತ್ತೆ ಜೋಡಿಸುವಷ್ಟಾದೆ. ಕೊನೆಯಲ್ಲಿ ಒಂದೋ ಎರಡೋ ಸ್ಕ್ರೂ ಉಳಿದೇ ಉಳಿಯುತ್ತಿದ್ದವು. ಅದಕ್ಕೂ ಒಂದು ಡಬ್ಬ ಇಟ್ಟಿದ್ದೆ.

ಈ ಪರದೆ ವ್ಯವಹಾರ ಊರಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂಬುದೇ ನಮ್ಮ ಮನೆಯ ಮೊದಲ ಪಾಠ. ಕಣ್ಣು ಕಾಣದವರು ರೇಡಿಯೊ ರಿಪೇರಿ ಮಾಡುತ್ತಾರೆಂದರೆ ಯಾರು ಸೆಟ್ಟು ತಂದಾರು? ಮಾಡುವವಳು ಹತ್ತೊಂಬತ್ತರ ಹುಡುಗಿ ಎಂದರಂತೂ ತಂದದ್ದನ್ನೂ ವಾಪಸು ಒಯ್ದಾರು. ಮನೆಯ ಅನ್ನ ಆ ಪರದೆಯ ಮೇಲೆ ನಿಂತಿತ್ತು. ಗಿರಾಕಿ ಬಂದ ಕೂಡಲೇ ನಾನು ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಸೀನು ಬಂದರೆ ಅಪ್ಪಯ್ಯ ತಾವೇ ಸೀನಿದಂತೆ ಮೂಗು ಒರೆಸಿಕೊಳ್ಳುತ್ತಿದ್ದರು. ಈಗ ನೆನೆದರೆ ನಗು ಬರುತ್ತದೆ. ಆಗ ನಿಜಕ್ಕೂ ಹೆದರಿಕೆಯಿತ್ತು.

ಹೀಗಿರುವಾಗ ಬಂದದ್ದು ಸುತ್ತುಪುಸ್ತಕ.

ಸಾಗರದಲ್ಲಿ ಹೆಗಡೆಯವರೆಂದು ಒಬ್ಬರು ಹಿರಿಯ ರೇಡಿಯೊ ಮೆಕ್ಯಾನಿಕ್ ಇದ್ದರು. ತಲೆ ತಿನ್ನುವ ಸೆಟ್ಟೊಂದು ಬಂದರೆ ಕೇಳಲು ಹತ್ತಿರದಲ್ಲಿ ಇನ್ನೊಬ್ಬ ಮೆಕ್ಯಾನಿಕ್ ಇಲ್ಲವಲ್ಲ ಎಂಬುದು ಅವರ ಕೊರಗು. ಕಾಗದ ಬರೆಯೋಣವೆಂದರೆ ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಅದಕ್ಕೆ ಅವರು ಒಂದು ಉದ್ದನೆಯ ನೋಟ್‌ಬುಕ್ಕಿಗೆ ರೆಕ್ಸಿನ್ ಹೊದಿಸಿ, ಮೊದಲ ಪುಟದಲ್ಲಿ ನಿಯಮ ಬರೆದು, ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಶೀನಪ್ಪನ ಕೈಗೆ ಕೊಟ್ಟರು. ಬಸ್ಸು ನಮ್ಮಲ್ಲಿ ನಿಂತಾಗ ಶೀನಪ್ಪ ಪುಸ್ತಕ ಕೊಡುತ್ತಿದ್ದ. ಮಾರನೆಯ ದಿನ ಒಯ್ದು ತೀರ್ಥಹಳ್ಳಿಯ ಮೆಕ್ಯಾನಿಕ್ ತಿಮ್ಮಪ್ಪಗೌಡರಿಗೆ ಕೊಡುತ್ತಿದ್ದ. ಅಲ್ಲಿಂದ ಮತ್ತೆ ಸಾಗರ. ಒಂದು ಸುತ್ತಿಗೆ ನಾಲ್ಕು ದಿನ. ಒಮ್ಮೊಮ್ಮೆ ಬ್ಯಾಕೋಡಿನವರೂ ಸೇರುತ್ತಿದ್ದರು. ಅವರ ಪ್ರಶ್ನೆ ಲಾಂಚು ಹತ್ತಿ ಹೊಳೆ ದಾಟಿ ಬರುವಷ್ಟರಲ್ಲಿ ಸೆಟ್ಟು ತಾನಾಗಿಯೇ ಸರಿಹೋಗಿರುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಮುಖ ಊದಿಸುವ ರಶ್ಮಿಗೆ ಇದನ್ನು ಹೇಳಿದೆ. “ಸರ್ವರ್ ಬಸ್ಸಲ್ಲಿತ್ತಾ?” ಎಂದಳು.

ನಿಯಮಗಳು ಮೂರೇ. ಯಾರೂ ತಮ್ಮ ಹೆಸರು ಬರೆಯಕೂಡದು, ಊರಿನ ಹೆಸರು ಸಾಕು. ಹೆಸರು ಬಂದರೆ ಜಾತಿ, ವಯಸ್ಸು, ನೆಂಟಸ್ತಿಕೆ ಎಲ್ಲ ಹಿಂದೆಯೇ ಬರುತ್ತವೆ, ಆಮೇಲೆ ಕಿರಿಯನು ಹಿರಿಯನಿಗೆ ‘ನೀವು ಹೇಳಿದ್ದು ತಪ್ಪು’ ಎಂದು ಬರೆಯಲಾರ ಎಂಬುದು ಹೆಗಡೆಯವರ ವಾದ. ಎರಡನೆಯದು, ಮಾಡಿ ನೋಡಿದ್ದನ್ನು ‘ಮಾಡಿ ನೋಡಿದ್ದು’ ಎಂದೂ ಊಹೆಯನ್ನು ‘ಊಹೆ’ ಎಂದೂ ಬರೆಯಬೇಕು. ಮೂರನೆಯದು ಬಹಳ ಮುಖ್ಯ. ಪ್ರಶ್ನೆ ಕೇಳಿದವರು ಕೊನೆಗೆ ದೋಷ ಎಲ್ಲಿತ್ತೆಂದು ಬರೆದು, ಕೆಳಗೆ ‘ಮುಗೀತು’ ಎಂದು ಹಾಕಬೇಕು. ಉತ್ತರ ತೆಗೆದುಕೊಂಡು ಸುಮ್ಮನಾಗುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮುಗೀತು ಕಾಣದ ಪ್ರಶ್ನೆಗೆ ಪ್ರತಿ ಸುತ್ತಿನಲ್ಲೂ ಒಂದು ಕೆಂಪು ಗೀಟು ಎಳೆಯುತ್ತಿದ್ದರು. ತಿಮ್ಮಪ್ಪಗೌಡರ ಒಂದು ಪುಟವಂತೂ ಗೀಟು ಬಿದ್ದೂ ಬಿದ್ದೂ ಕೆಂಪು ಚಾಪೆಯಂತಾಗಿತ್ತು.

ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ತೆರೆದರೆ ಅಲ್ಲಿ ಕೆಲಸದ ಸುದ್ದಿ. ‘ಮೈಕ್‌ಸೆಟ್ಟಿನವರಿಗೆ ಒಬ್ಬ ಬೇಕು, ಮದುವೆ ಸೀಸನ್ನು ಪೂರ್ತಿ.’ ‘ಟೆಂಟ್ ಸಿನಿಮಾದವರಿಗೆ ಆಂಪ್ಲಿಫೈಯರ್ ಗೊತ್ತಿರುವವರು ಬೇಕು, ಸಿನಿಮಾ ನೋಡುತ್ತ ಕೂರುವವರು ಬೇಡ.’ ಹೆಗ್ಗೋಡಿನ ಕಡೆಯ ಯಾರೋ ನಾಟಕಕ್ಕೆ ಗುಡುಗಿನ ಶಬ್ದ ಮಾಡಿಕೊಡುವವರು ಬೇಕೆಂದು ಕೇಳಿದ್ದರು. ಅದಕ್ಕೆ ಗೌಡರು ‘ನನ್ನ ಅಂಗಡಿಯ ಒಂದು ಸೆಟ್ಟು ಬೇರೇನೂ ಮಾಡುವುದಿಲ್ಲ, ಅದನ್ನೇ ಒಯ್ಯಿರಿ’ ಎಂದು ಬರೆದಿದ್ದರು.

ಬಸ್ಸಿನಲ್ಲಿ ಕೂತವರೂ ಈ ಪುಸ್ತಕವನ್ನು ತೆಗೆದು ಓದುತ್ತಿದ್ದರು. ಶೀನಪ್ಪ ಬೇಡವೆನ್ನುತ್ತಿರಲಿಲ್ಲ. ದಾರಿಯಲ್ಲಿ ಹೊತ್ತು ಹೋಗಬೇಕಲ್ಲ. ‘ನಿಮ್ಮ ಸೆಟ್ಟಿನ ಕಥೆ ಎಂತಾಯ್ತು?’ ಎಂದು ಗುರುತಿಲ್ಲದವರು ಅಪ್ಪಯ್ಯನನ್ನು ಕೇಳಿದ್ದುಂಟು. ಅಪ್ಪಯ್ಯ ಗಂಭೀರವಾಗಿ “ನೋಡ್ತಾ ಇದೀನಿ” ಎನ್ನುತ್ತಿದ್ದರು.

ಬರೆಯುವವಳು ನಾನೇ. ಅಪ್ಪಯ್ಯ ಹೇಳಿದ್ದಷ್ಟನ್ನೇ ಬರೆಯುತ್ತಿದ್ದೆ ಎಂದರೆ ಸುಳ್ಳಾದೀತು. ಬರೆಯಲು ಒಂದು ಪುಟ, ಓದಲು ಎರಡು ಊರು ಸಿಕ್ಕಿದ ಮೇಲೆ ನನ್ನೊಳಗಿನ ಪಂಡಿತೆ ಎದ್ದು ಕೂತಳು. ಮಳೆಗಾಲದಲ್ಲಿ ನಮ್ಮ ಕಡೆಯ ಸೆಟ್ಟುಗಳಿಗೆಲ್ಲ ಒಂದೇ ರೋಗ. ಥಂಡಿ ಹಿಡಿದು ಕಾಯಿಲ್ಲಿನ ತಂತಿ ಹಸಿರುಗಟ್ಟಿ ತುಂಡಾಗುವುದು. ಸೆಟ್ಟುಗಳನ್ನು ಬಚ್ಚಲೊಲೆಯ ಹತ್ತಿರ ಸಾಲಾಗಿ ಇಟ್ಟು ಒಣಗಿಸುತ್ತಿದ್ದೆವು. ನೋಡಿದವರು ರೇಡಿಯೊಗಳಿಗೆ ಎಣ್ಣೆ ಸ್ನಾನ ಎಂದುಕೊಳ್ಳಬೇಕು. ಇದಕ್ಕೊಂದು ಶಾಶ್ವತ ಉಪಾಯ ಇದೆಯೇ ಎಂದು ಗೌಡರು ಪುಸ್ತಕದಲ್ಲಿ ಕೇಳಿದರು. ನಾನು ಠೀವಿಯಿಂದ ಬರೆದೆ: ‘ಕಾಯಿಲ್ಲನ್ನು ಒಣಗಿಸಿ, ಕರಗಿಸಿದ ಜೇನುಮೇಣದಲ್ಲಿ ಅದ್ದಿ ತೆಗೆಯಿರಿ. ನೀರು ಹತ್ತಿರ ಸುಳಿಯದು. ಮಾಡಿ ನೋಡಿದ್ದು.’

ಮಾಡಿ ನೋಡಿರಲಿಲ್ಲ. ಮೇಣ ಹಚ್ಚುತ್ತಾರೆ ಎಂದು ಅಂಚೆ ಪಾಠದ ಪುಸ್ತಕದಲ್ಲಿ ಓದಿದ್ದೆ. ಜೇನು ನನ್ನ ಸ್ವಂತ ಸೇರ್ಪಡೆ. ಮಲೆನಾಡಿನಲ್ಲಿ ಜೇನುಮೇಣಕ್ಕೇನು ಬರ!

ಎರಡು ಸುತ್ತಿನ ಮೇಲೆ ಗೌಡರ ಉತ್ತರ ಬಂತು. ‘ಹೊಸನಗರದವರಿಗೆ ನಮಸ್ಕಾರ. ನೀವು ಹೇಳಿದಂತೆ ಮಾಡಿದೆ. ನೀರು ಸುಳಿಯಲಿಲ್ಲ. ಇರುವೆ ಸುಳಿಯಿತು. ಮೇಣದಲ್ಲಿ ಜೇನು ಉಳಿದಿತ್ತು. ಈಗ ಸೆಟ್ಟು ಹಾಡುತ್ತಿದೆ, ಡಯಲ್ಲಿನ ಗಾಜಿನ ಒಳಗೆ ಭದ್ರಾವತಿಯಿಂದ ಸಿಲೋನಿನವರೆಗೆ ಇರುವೆಗಳ ಮೆರವಣಿಗೆ ಹೋಗುತ್ತಿದೆ. ಗಿರಾಕಿಯ ತಾಯಿ ಅದನ್ನೇ ನೋಡುತ್ತ ಕೂತಿದ್ದಾರೆ, ಸೆಟ್ಟು ವಾಪಸು ಕೊಡಲು ಒಪ್ಪುತ್ತಿಲ್ಲ.’ ಪಕ್ಕದಲ್ಲಿ ಸಾಲು ಇರುವೆಗಳ ಚಿತ್ರ ಬೇರೆ. ಅದರ ಕೆಳಗೆ ಹೆಗಡೆಯವರ ಕೆಂಪು ಶಾಯಿ: ‘ಹೊಸನಗರದವರೆ, ನಿಜಕ್ಕೂ ಮಾಡಿ ನೋಡಿದ್ದಿರಾ?’

ಒಂದಿಡೀ ದಿನ ಪುಸ್ತಕ ನನ್ನ ಬೆಂಚಿನ ಮೇಲೆ ಬಿದ್ದಿತ್ತು. ‘ನಮ್ಮಲ್ಲಿ ಇರುವೆ ಬಂದಿರಲಿಲ್ಲ’ ಎಂದು ಬರೆದರೆ ಯಾರೇನು ಮಾಡುತ್ತಿದ್ದರು? ಅಪ್ಪಯ್ಯನನ್ನು ಕೇಳಿದೆ. ಅವರು, “ಸುಳ್ಳು ಹೇಳಿದ್ರೆ ಸೆಟ್ಟು ಹಾಡಲ್ಲ ಮಗಾ” ಎಂದರು. ಪರದೆ ಕಟ್ಟಿಕೊಂಡು ಕೂತ ನಮ್ಮ ಬಾಯಲ್ಲಿ ಈ ಮಾತು! ಆದರೂ ಬರೆದೆ: ‘ಮಾಡಿ ನೋಡಿರಲಿಲ್ಲ. ಸುಳ್ಳು ಬರೆದೆ. ತಪ್ಪಾಯಿತು. ಮುಗೀತು.’ ಬರೆದು ಮೂರು ದಿನ ಊಟ ಸೇರಲಿಲ್ಲ. ಬಸ್ಸಿನವರೆಲ್ಲ ಓದುತ್ತಾರಲ್ಲ!

ಅದಾಗಿ ಸ್ವಲ್ಪ ದಿನಕ್ಕೆ ಅಪರಿಚಿತ ಗಿರಾಕಿಯೊಬ್ಬರು ಅಂಗಡಿಗೆ ಬಂದರು. ಪರದೆಯ ಹಿಂದಿನಿಂದ ನನಗೆ ಕಂಡದ್ದು ಬಿಳಿ ಪಂಚೆಯ ಅಂಚು, ಕೊಡೆಯ ತುದಿ ಮಾತ್ರ. ರೇಡಿಯೊ ಮೇಜಿನ ಮೇಲಿಟ್ಟು, “ಏನೋ ಸರಿ ಇಲ್ಲ ಅನ್ಸತ್ತೆ, ನೋಡಿ ಇಡಿ” ಎಂದರು. ಅರ್ಧ ಗಂಟೆ ಕೂತು ಅಪ್ಪಯ್ಯನ ಹತ್ತಿರ ಮಳೆ ಬೆಳೆ ಮಾತಾಡಿದರು. ನಾನು ಸೋಲ್ಡರ್ ಕಾಯಿಸಲು ಇಟ್ಟಿದ್ದೆ. ರಾಳದ ಹೊಗೆ ಪರದೆಯ ಮೇಲಿಂದ ಏಳುತ್ತಿತ್ತು, ಒಮ್ಮೆ ಬಳೆಯೂ ಜಾರಿ ಕಿಣಿ ಎಂದಿತು. ಅಪ್ಪಯ್ಯನ ಎರಡೂ ಕೈ ಮೇಜಿನ ಮೇಲೆ ಖಾಲಿ ಇದ್ದವು. ಪರದೆಯ ಹಿಂದೆ ಇನ್ನೊಬ್ಬರಿದ್ದಾರೆಂದು ಇದರಿಂದ ಗೊತ್ತಾದೀತು ಎಂದು ನನಗೆ ಹೊಳೆದದ್ದು ಅವರು ಎದ್ದು ಹೋದ ಮೇಲೆ.

ಸೆಟ್ಟು ಬಿಚ್ಚಿ ನೋಡಿದರೆ ದೋಷವೇ ಇಲ್ಲ. ಒಂದು ಗುಂಡಿ ಹೋಗಿದ್ದರಿಂದ ಅದರ ಜಾಗಕ್ಕೆ ಹೊಲಿಗೆ ದಾರದ ಮರದ ಉರುಳೆ ಸಿಕ್ಕಿಸಿದ್ದರು, ಅಷ್ಟೇ. ಉಳಿದಂತೆ ಅಷ್ಟು ಚೊಕ್ಕ ಬೆಸುಗೆ ನಾನು ನೋಡಿಯೇ ಇರಲಿಲ್ಲ. ಅಪ್ಪಯ್ಯ ಕಿವಿಯಿಟ್ಟು ಕೇಳಿ, “ನಮ್ಮಿಬ್ರಿಗಿಂತ ಆರೋಗ್ಯವಾಗಿದೆ” ಎಂದರು. ಏನೂ ಮಾಡದೆ ವಾಪಸು ಕೊಟ್ಟರೆ ಗಿರಾಕಿ ನಂಬುತ್ತಾರೋ ಇಲ್ಲವೋ. ಪುಸ್ತಕದಲ್ಲಿ ಕೇಳಿದೆ: ‘ದೋಷವೇ ಇಲ್ಲದ ಸೆಟ್ಟು ರಿಪೇರಿಗೆ ಬಂದಿದೆ. ಏನು ಮಾಡುವುದು?’ ಹೆಗಡೆಯವರು ಬರೆದರು: ‘ಹೊಸನಗರದ ತಮ್ಮಾ, ಏನೂ ಮಾಡಬೇಡ. ಇದ್ದ ಹಾಗೇ ವಾಪಸು ಕೊಡು. ಕೆಲವರು ಸೆಟ್ಟು ತೋರಿಸಲು ಬರುವುದಿಲ್ಲ, ನೋಡಲು ಬರುತ್ತಾರೆ.’ ಮುದುಕರಿಗೆ ವೇದಾಂತ ಹತ್ತಿದೆ ಎಂದುಕೊಂಡೆ. ಮರುವಾರ ಶೀನಪ್ಪನೇ ಬಂದು, “ಅವ್ರಿಗೆ ಬರಕ್ಕಾಗಲ್ವಂತೆ, ನಾನೇ ತಲುಪಿಸ್ತೀನಿ” ಎಂದು ಸೆಟ್ಟನ್ನು ಬಸ್ಸಿಗೆ ಹಾಕಿಕೊಂಡ. ಯಾರು, ಎಲ್ಲಿಯವರು ಎಂದು ಅಪ್ಪಯ್ಯ ಕೇಳುವುದರೊಳಗೆ ಬಸ್ಸು ಹೊರಟಿತು. ದೋಷ ಸಿಗದ ಸೆಟ್ಟಿಗೆ ಮುಗೀತು ಎಂದು ಹೇಗೆ ಬರೆಯುವುದು? ಹಾಗೇ ಬಿಟ್ಟೆ.

ಆಮೇಲೆ ಹೆಗಡೆಯವರ ‘ತಮ್ಮಾ’ ಹೆಚ್ಚುತ್ತ ಹೋಯಿತು. ‘ತಮ್ಮಾ, ತಲೆ ಬಿಸಿಯಾದರೆ ಹೊರಗೆ ಹೋಗಿ ಒಂದು ಬೀಡಿ ಎಳೆದು ಬಂದು ನೋಡು, ದೋಷ ಕಾಣುತ್ತದೆ.’ ‘ತಮ್ಮಾ, ಅಂಗಿ ತೋಳು ಮಡಚಿಕೊಂಡು ಕೆಲಸ ಮಾಡು.’ ಗೌಡರೂ ಹಿಂದೆ ಬೀಳಲಿಲ್ಲ. ‘ಹೊಸನಗರದ ಅಣ್ಣಾವ್ರೆ, ಮೀಸೆ ತಿರುವಿದಷ್ಟು ಸುಲಭ ಅಲ್ಲ ಈ ಸೆಟ್ಟು’ ಎಂದು ಬರೆದರು. ನಾನು ಓದಿ ಹೇಳಿದರೆ ಅಪ್ಪಯ್ಯ ಹೊಟ್ಟೆ ಹಿಡಿದು ನಗುತ್ತಿದ್ದರು. ಎಷ್ಟು ಚೆನ್ನಾಗಿ ಮೋಸ ಮಾಡಿದ್ದೇವೆ ನೋಡು ಎಂದು ನಮಗೆ ಒಳಗೊಳಗೇ ಹೆಮ್ಮೆ.

ಮೂರು ವರ್ಷ ಕಳೆದವು. ಎಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಅಪ್ಪಯ್ಯನಿಗೆ ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ಗಿರಾಕಿ ಕೊಟ್ಟ ಚೀಟಿಯನ್ನು ತಲೆಕೆಳಗಾಗಿ ಹಿಡಿದುಕೊಂಡು ಓದಿದಂತೆ ಮಾಡುತ್ತಿದ್ದರು. ಪರದೆ ಇನ್ನು ಬಹಳ ದಿನ ತಡೆಯದು ಎಂದು ನಮಗಿಬ್ಬರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ.

ಆಗ ಒಂದು ದಿನ ಪುಸ್ತಕವನ್ನು ಹಿಂದಿನಿಂದ ತೆರೆದೆ. ಕೆಂಪು ಶಾಯಿಯಲ್ಲಿ ಹೀಗಿತ್ತು: ‘ಸಾಗರದ ಒಂದು ತರಬೇತಿ ಶಾಲೆಯಲ್ಲಿ ರೇಡಿಯೊ ವಿಭಾಗ ತೆರೆಯುತ್ತಾರೆ. ಕಲಿಸಲು ಒಬ್ಬರು ಬೇಕು. ಖಾಯಂ ಕೆಲಸ. ನಾನು ಹೊಸನಗರದ ಹೆಸರು ಹೇಳಿದ್ದೇನೆ. ಸೋಮವಾರ ಬರುವುದು.’ ಈ ಸಲ ಪುಸ್ತಕ ನಮ್ಮನ್ನು ದಾಟಿ ಮೊದಲು ತೀರ್ಥಹಳ್ಳಿಗೆ ಹೋಗಿ ಬಂದಿತ್ತು. ಕೆಳಗೆ ಗೌಡರ ಅಕ್ಷರ: ‘ತೀರ್ಥಹಳ್ಳಿಯ ಒಪ್ಪಿಗೆ ಇದೆ. ಇರುವೆಗಳದ್ದೂ ಇದೆ.’

ಅಪ್ಪಯ್ಯನಿಗೆ ಓದಿ ಹೇಳಿ, “ಅವ್ರು ಕರೆದಿರೋದು ತಮ್ಮನ್ನ. ನನ್ನಲ್ಲ. ಹೋದ್ರೆ ಕೆಲ್ಸವೂ ಇಲ್ಲ, ಅಂಗಡಿಯೂ ಇಲ್ಲ” ಎಂದೆ.

ಅಪ್ಪಯ್ಯ ಕೈಯಾಡಿಸಿ ಪರದೆಯ ಅಂಚು ಹಿಡಿದುಕೊಂಡರು. ಆಮೇಲೆ, “ಮೂರು ವರ್ಷ ನಾನು ನಿನ್ನ ಮುಂದೆ ಕೂತೆ. ಊರು ನನ್ನ ನೋಡ್ತು. ಇನ್ನು ಸಾಕು. ಹೋಗು. ಕೆಲಸ ಸಿಗದಿದ್ರೆ ವಾಪಸು ಬಾ, ಪರದೆ ತೆಗೆದು ಹಾಕಿ ಇಬ್ರೂ ಮುಂದೆ ಕೂರೋಣ” ಎಂದರು. ನನಗೆ ಅಳು ಬಂತು. ಕೇಳಿಸಬಾರದೆಂದು ಸೆಟ್ಟಿನ ವಾಲ್ಯೂಮು ಏರಿಸಿದೆ. ಅವರ ಕಿವಿಯಿಂದ ಏನನ್ನಾದರೂ ಮುಚ್ಚಿಡಲು ಸಾಧ್ಯವೇ? “ಅಳು ಆಮೇಲೆ, ಮೊದ್ಲು ಸೀರೆ ಇಸ್ತ್ರಿ ಮಾಡ್ಕೋ” ಎಂದರು.

ಸೋಮವಾರ ಶೀನಪ್ಪನ ಬಸ್ಸು ಹತ್ತಿದೆ. ಪುಸ್ತಕ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಸಿಗುವ ಬಟ್ಟೆಮಲ್ಲಪ್ಪ ಎಂಬ ಊರು ದಾಟುವವರೆಗೂ, ಹೆಗಡೆಯವರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ‘ನಾನು ಹೊಸನಗರದ ತಂಗಿ, ಅಣ್ಣನಿಗೆ ಜ್ವರ’ ಎಂಬುದೂ ಒಂದು ಆವೃತ್ತಿ. ಇಳಿಯುವ ಹೊತ್ತಿಗೆ ಅಷ್ಟನ್ನೂ ಮರೆತಿದ್ದೆ.

ಹೆಗಡೆಯವರ ಅಂಗಡಿಯಲ್ಲಿ ಕಪಾಟಿನ ಮೇಲೆ ಅವರದೇ ರೇಡಿಯೊ ಹಾಡುತ್ತಿತ್ತು. ಅದರ ಒಂದು ಗುಂಡಿಯ ಜಾಗದಲ್ಲಿ ದಾರದ ಉರುಳೆ. ಮೆಕ್ಯಾನಿಕ್ಕನ ಮನೆಯ ಸೆಟ್ಟು ಎಲ್ಲ ಕಡೆ ಹೀಗೇ ಎಂದುಕೊಂಡೆ. ಮರೆತ ಮಾತುಗಳನ್ನು ಹುಡುಕುತ್ತಿರುವಾಗ ಅದಕ್ಕಿಂತ ಹೆಚ್ಚು ಯೋಚಿಸಲು ಪುರುಸೊತ್ತೆಲ್ಲಿ? ಬೆಂಚಿನ ಹಿಂದಿನಿಂದ ತೆಳ್ಳಗಿನ ಮುದುಕರೊಬ್ಬರು ಕನ್ನಡಕದ ಮೇಲಿಂದ ನೋಡಿದರು.

“ಹೊಸನಗರ” ಎಂದೆ. ಅಷ್ಟೇ ಬಾಯಿಗೆ ಬಂದದ್ದು.

“ಬಾ ಕೂಸೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂತಲ” ಎಂದರು. ಆಶ್ಚರ್ಯವಿಲ್ಲ, ಪ್ರಶ್ನೆಯಿಲ್ಲ. ಎದ್ದು ಕೊಡೆ ಎತ್ತಿಕೊಂಡು ಶಾಲೆಯ ಕಡೆ ನಡೆದರು. ವಯಸ್ಸಾದವರಿಗೆ ಯಾವುದೂ ಆಶ್ಚರ್ಯವಲ್ಲ ಎಂದು ನಾನು ಹಿಂದೆ ಹಿಂದೆ ಓಡಿದೆ.

ಪ್ರಿನ್ಸಿಪಾಲರಿಗೆ ಮಾತ್ರ ಆಶ್ಚರ್ಯವಾಯಿತು. “ಏನ್ರೀ ಹೆಗಡೇರೆ, ಮೆಕ್ಯಾನಿಕ್ ಕರ್ಕೊಂಡ್ ಬರ್ತೀನಿ ಅಂದ್ರಿ?”

“ಕರ್ಕೊಂಡು ಬಂದೆನಲ್ಲ.”

“ಹೆಣ್ಣುಮಕ್ಕಳು ಕರೆಂಟಿನ ಕೆಲಸಕ್ಕೆ... ಸರ್ಟಿಫಿಕೇಟು ಏನಿದೆ?”

ಹೆಗಡೆಯವರು ನನ್ನ ಕೈಯಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. “ಇದು. ಹೊಸನಗರ ಅಂತ ಬರೆದಿದ್ದು ಪೂರಾ ಇವಳದ್ದು. ನಿಧಾನಕ್ಕೆ ಓದಿ.”

ಪ್ರಿನ್ಸಿಪಾಲರು ಓದಿದರು. ಇರುವೆಯ ಪುಟಕ್ಕೆ ಬಂದಾಗ ಅವರ ಹೊಟ್ಟೆ ಕುಣಿಯತೊಡಗಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆ ಪುಟವನ್ನು ಹರಿದುಹಾಕಬಹುದಿತ್ತಲ್ಲ, ಬಸ್ಸಿನಲ್ಲಿ ಎರಡು ಗಂಟೆ ಕೈಯಲ್ಲೇ ಇತ್ತಲ್ಲ ಎಂದು ಆಗ ಹೊಳೆಯಿತು. ಅವರು ನಗು ನಿಲ್ಲಿಸಿ, ಅದರ ಕೆಳಗಿನ ಸಾಲನ್ನು ಎರಡು ಸಲ ಓದಿದರು.

“‘ಸುಳ್ಳು ಬರೆದೆ’ ಅಂತ ನೀವೇ ಬರೆದಿದೀರಾ?”

“ಹೌದು ಸಾರ್.”

“ಬಸ್ಸಿನವರೆಲ್ಲ ಓದೋ ಪುಸ್ತಕದಲ್ಲಿ?”

“ಹೌದು ಸಾರ್. ಮುಗೀತು ಅಂತ ಹಾಕ್ಬೇಕಿತ್ತಲ್ಲ.”

ಅವರು ಮೂಲೆಯಲ್ಲಿದ್ದ ಶಾಲೆಯ ರೇಡಿಯೊ ತರಿಸಿದರು. ಹಾಕಿದರೆ ಬರೀ ಗುಂಯ್ ಎನ್ನುತ್ತಿತ್ತು. ನಾನು ಅಪ್ಪಯ್ಯನಂತೆ ಅದರ ಬೆನ್ನಿಗೆ ಕಿವಿಯಿಟ್ಟೆ. “ಫಿಲ್ಟರ್ ಕಂಡೆನ್ಸರ್ ಹೋಗಿರ್ಬೇಕು ಸಾರ್. ಆದ್ರೆ ಇದು ಊಹೆ. ಬಿಚ್ಚಿ ನೋಡಿದ್ಮೇಲೆ ಹೇಳ್ತೀನಿ” ಎಂದೆ. ಹೆಗಡೆಯವರು ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು. ಬಿಚ್ಚಿದೆ. ಕಂಡೆನ್ಸರೇ ಆಗಿತ್ತು. ಸೆಟ್ಟು ಹಾಡಿದಾಗ ಪ್ರಿನ್ಸಿಪಾಲರು, “ಮಕ್ಕಳಿಗೆ ಇದನ್ನೇ ಮೊದಲು ಕಲಿಸಿ” ಎಂದರು. ಕಂಡೆನ್ಸರ್ ಹಾಕುವುದನ್ನೋ ಊಹೆ ಎನ್ನುವುದನ್ನೋ ನಾನು ಕೇಳಲಿಲ್ಲ. ನಿವೃತ್ತಿಯಾಗುವ ತನಕ ಎರಡನ್ನೂ ಕಲಿಸಿದೆ.

ಅಪ್ಪಯ್ಯ ಹೊಸನಗರದ ಪರದೆ ಬಿಚ್ಚಿ ಸಾಗರಕ್ಕೆ ಬಂದರು. ಆ ಸೀರೆ ಬಹಳ ವರ್ಷ ನನ್ನ ಹೊಲಿಗೆ ಯಂತ್ರಕ್ಕೆ ಹೊದಿಕೆಯಾಗಿತ್ತು. ಸಂಜೆ ಹೆಗಡೆಯವರ ಅಂಗಡಿಯಲ್ಲಿ ಕೂತು, ಬಂದ ಸೆಟ್ಟುಗಳಿಗೆಲ್ಲ ಕಿವಿಯಿಟ್ಟು ರೋಗ ಹೇಳುವುದು ಅವರ ಕೆಲಸವಾಯಿತು. ಕೇಳಲಿ ಬಿಡಲಿ, “ನನ್ನ ಮಗಳೇ ಮಾಡ್ತಿದ್ದಿದ್ದು, ನಾನು ಸುಮ್ನೆ ಕೂತಿದ್ದೆ” ಎಂದು ಎಲ್ಲರಿಗೂ ಹೇಳುತ್ತಿದ್ದರು. ಟೀವಿ ಬಂದ ಮೇಲೆ ಸುತ್ತುಪುಸ್ತಕದ ಸುತ್ತು ನಿಂತಿತು. ಹೆಗಡೆಯವರು ಅದನ್ನು ನನಗೆ ಕೊಟ್ಟು, “ಒಂದು ಪ್ರಶ್ನೆ ಬಾಕಿ ಇದ್ದು ನೋಡು” ಎಂದಿದ್ದರು. ನೋಡುತ್ತೇನೆ ಎಂದು ಟ್ರಂಕಿನಲ್ಲಿಟ್ಟೆ. ಇಟ್ಟದ್ದು ಇಟ್ಟೇ ಇತ್ತು. ಹೆಗಡೆಯವರೂ ಹೋದರು, ಗೌಡರೂ ಹೋದರು, ಅಪ್ಪಯ್ಯನೂ ಹೋದರು.

ಮೊನ್ನೆ ರಶ್ಮಿಗೆ ಇಷ್ಟನ್ನೂ ಹೇಳಿ, ಟ್ರಂಕಿನಿಂದ ಪುಸ್ತಕ ತೆಗೆದುಕೊಟ್ಟೆ. ಅವಳು ತನ್ನ ಹನ್ನೆರಡು ಯಂತ್ರಗಳನ್ನು ಅವುಗಳ ಪಾಡಿಗೆ ಬಿಟ್ಟು ಒಂದೊಂದೇ ಪುಟ ಓದಿದಳು. ಯಂತ್ರಗಳು ಬರೆದಿಡುವ ದಿನಚರಿ ಓದಿ ದೋಷ ಹುಡುಕುವುದೇ ಅವಳ ಕಸುಬು ತಾನೆ? ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

“ದೊಡ್ಡಮ್ಮ, ಈ ಕೆಂಪು ಶಾಯಿಯವರು ಮೊದ್ಲು ನಿಮ್ಮನ್ನ ‘ಹೊಸನಗರದವರೆ’ ಅಂತಿದ್ರು. ‘ನೀವು’ ಅಂತಿದ್ರು. ತಮ್ಮಾ ಅನ್ನೋಕೆ ಶುರು ಮಾಡಿದ್ದು ಈ ದೋಷ ಇಲ್ಲದ ಸೆಟ್ಟಿಂದ. ಅದಕ್ಕಿಂತ ಮುಂಚೆ ಒಂದ್ಸಲಾನೂ ಇಲ್ಲ. ಯಾಕೆ?”

“ಸಲಿಗೆ ಬಂದಿರ್ಬೇಕು.”

“ಬಾಕಿ ಇರೋ ಪ್ರಶ್ನೆಗೆಲ್ಲ ಕೆಂಪು ಗೀಟು ಹೊಡೆದಿದಾರೆ. ಇದು ಬಾಕಿ ಇದೆ, ಇದಕ್ಕೆ ಒಂದು ಗೀಟೂ ಇಲ್ಲ.”

ನಾನು ಪುಸ್ತಕ ಇಸಿದುಕೊಂಡೆ. ‘ಕೆಲವರು ಸೆಟ್ಟು ತೋರಿಸಲು ಬರುವುದಿಲ್ಲ, ನೋಡಲು ಬರುತ್ತಾರೆ.’ ಬಿಳಿ ಪಂಚೆಯ ಅಂಚು. ಕೊಡೆಯ ತುದಿ. ಅಷ್ಟು ಚೊಕ್ಕ ಬೆಸುಗೆ. ದಾರದ ಉರುಳೆ. ಇಷ್ಟು ವರ್ಷ ರೇಡಿಯೊದ ದೋಷ ಹುಡುಕಿದವಳಿಗೆ ಕಪಾಟಿನ ಮೇಲೆ ಕಣ್ಣೆದುರೇ ಹಾಡುತ್ತಿದ್ದ ರೇಡಿಯೊ ಯಾವುದೆಂದು ಹೊಳೆಯಲಿಲ್ಲ ನೋಡಿ.

ಸುಳ್ಳು ಬರೆದೆ ಎಂದು ಒಪ್ಪಿಕೊಂಡ ಹೊಸನಗರ ಯಾರೆಂದು ನೋಡಲು ಹೆಗಡೆಯವರು ತಮ್ಮದೇ ರೇಡಿಯೊ ಹಿಡಿದು ಬಂದಿದ್ದರು. ಅಪ್ಪಯ್ಯನ ಖಾಲಿ ಕೈ ನೋಡಿದರು, ಪರದೆಯ ಮೇಲಿನ ಹೊಗೆ ನೋಡಿದರು, ಬಳೆಯ ಸದ್ದು ಕೇಳಿದರು. ಸಾಗರಕ್ಕೆ ವಾಪಸು ಹೋಗಿ, ಅರ್ಧ ಬಸ್ಸು ಓದುವ ಪುಸ್ತಕದಲ್ಲಿ, ಕೆಂಪು ಶಾಯಿಯಲ್ಲಿ, ‘ತಮ್ಮಾ’ ಎಂದು ಬರೆದರು. ಗೌಡರಿಗೂ ಹೇಳಿಕೊಟ್ಟಿರಬೇಕು. ಬೀಡಿ, ಅಂಗಿ ತೋಳು, ಮೀಸೆ. ಊರಿನವರ ಕಣ್ಣಿಗೆ ಅಪ್ಪಯ್ಯ ಒಳಗಿನಿಂದ ಕಟ್ಟಿದ ಪರದೆ ಸಾಲದೆಂದು, ಆ ಇಬ್ಬರೂ ಸೇರಿ ಹೊರಗಿನಿಂದ ಇನ್ನೊಂದು ಕಟ್ಟಿದ್ದರು. ಮೂರು ವರ್ಷ ನಾವು ಅವರಿಗೆ ಮೋಸ ಮಾಡುತ್ತಿದ್ದೇವೆಂದು ಅಪ್ಪಯ್ಯನೂ ನಾನೂ ನಕ್ಕಿದ್ದೆವು. ದನಿಯಿಂದಲೇ ಜನರನ್ನು ಗುರುತಿಸುವ ಅಪ್ಪಯ್ಯನಿಗೆ ಸಾಗರಕ್ಕೆ ಬಂದ ಮೇಲೆ ಇದು ತಿಳಿದಿತ್ತೋ ಏನೋ, ನನಗಂತೂ ಹೇಳಲಿಲ್ಲ. ಇದ್ದಿದ್ದರೆ ಈಗಲೂ ನಗುತ್ತ ಕೂತಿರುತ್ತಿದ್ದರು. ನನಗೆ ಮಾತ್ರ ಕಣ್ಣು ತುಂಬಿ ಅಕ್ಷರ ಕಾಣದಾಯಿತು.

“ಯಾಕೆ ದೊಡ್ಡಮ್ಮ?” ಎಂದಳು ರಶ್ಮಿ.

“ಪೆನ್ನು ಕೊಡು” ಎಂದೆ.

ಕೆಂಪು ಪೆನ್ನು ಮನೆಯಲ್ಲಿರಲಿಲ್ಲ. ನೀಲಿಯದರಲ್ಲೇ ಆ ಪುಟದ ತಳಕ್ಕೆ ಬರೆದೆ: ‘ಸೆಟ್ಟಿನಲ್ಲಿ ದೋಷವಿರಲಿಲ್ಲ. ತಂದವರಲ್ಲೂ ಇರಲಿಲ್ಲ. ಇದು ಊಹೆಯಲ್ಲ. ಮುಗೀತು.’ ಅದರ ಕೆಳಗೆ, ನಿಯಮ ಮುರಿದು, ಮೊದಲ ಸಲ ನನ್ನ ಹೆಸರು ಹಾಕಿದೆ: ವಿಶಾಲಾಕ್ಷಿ, ಹೊಸನಗರ.